ಹೊಗೆಗೂಡಿನೊಳಗಿನ ಬೂಟು

೧೯೨೬ರ ಅಕ್ಟೋಬರ್ ೧೯, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ.

"ಆ ಇಟ್ಟಿಗೆ ಒಂದನ್ನ ಬಿಟ್ಬಿಡಿ ಸಾರ್," ಎಂದ ಬಡಗಿ ಜೋಬ್ ಥರ್ಟಲ್. "ಮಿಕ್ಕಿದ್ದು ಏನ್ ಬೇಕಾದ್ರೂ ಕಿತ್ತಾಕಿ."

ಎಡ್ಮಂಡ್ ಕೆರಿಜ್ ಉಳಿಯನ್ನು ಇಳಿಸಲಿಲ್ಲ. ವೆಸ್ಟಲ್ ಹಳ್ಳಿಯ ಕಡಲಂಚಿನ ಈ ಮನೆಯನ್ನು ಅವನು ಕೊಂಡು ಮೂರು ವಾರವಾಗಿತ್ತು. ಹಳೆಯ ಕಟ್ಟಡಗಳ ನಕ್ಷೆ ಬರೆಯುವುದೇ ಅವನ ಕಸುಬು; ಹೊರಗೋಡೆಯ ಉದ್ದ ಮೂವತ್ತೆಂಟು ಅಡಿ, ಒಳಕೋಣೆಗಳನ್ನೂ ಗೋಡೆಗಳ ದಪ್ಪವನ್ನೂ ಕೂಡಿದರೆ ಮೂವತ್ತೈದು ಅಡಿ ಎಂಟು ಇಂಚು. ನಾಲ್ಕು ಸಲ ಅಳೆದರೂ ಅಷ್ಟೇ. ಎರಡು ಅಡಿ ನಾಲ್ಕು ಇಂಚು ಅಗ್ಗಿಷ್ಟಿಕೆಯ ಪಕ್ಕದಲ್ಲೆಲ್ಲೋ ಅಡಗಿತ್ತು. ಅಲ್ಲಿ ಒಂದು ಇಟ್ಟಿಗೆಯ ಸುತ್ತ ಮಾತ್ರ ಗಾರೆ ಹೊಸದು. ಥರ್ಟಲ್ ದಿನವೂ ತನಗಿಂತ ಮೊದಲೇ ಬಂದು ಅದರ ಮುಂದೆ ನಿಂತಿರುತ್ತಿದ್ದುದನ್ನು ಕೆರಿಜ್ ಗಮನಿಸಿದ್ದ.

"ಏನಿದೆಯಪ್ಪಾ ಒಳಗೆ? ಕಳ್ಳಬ್ರಾಂದಿಯೇ?"

"ಬ್ರಾಂದಿ ಇದ್ದಿದ್ರೆ ನಮ್ಮಪ್ಪ ಉಳಿಸ್ತಿದ್ನಾ? ಆ ಗಾರೆ ಮೊದಲು ಮೆತ್ತಿದ್ದು ಅವನೇ. ಉದುರಿದಾಗೆಲ್ಲ ನಾನ್ ಮೆತ್ತಿದೀನಿ. ಈ ಮನೆ ಕಟ್ಟಿದೋನು ಒಡೆದ ಹಡಗಿನ ತೊಲೆ ತಂದ ಸಾರ್. ಹಡಗಿನವರು ಇನ್ನೂ ಉಸಿರಾಡ್ತಿದ್ರಂತೆ, ಅವನು ತೊಲೆ ಎಳ್ಕೊಂಡ. ಸತ್ತವನ ಹೆಂಡ್ತಿ ಬಂದು ಈ ಹೊಸ್ತಿಲ ಮೇಲೆ ಉಪ್ಪುನೀರು ಸುರಿದು ಮಾಟ ಮಾಡಿದ್ಲು. ಈ ಮನೇಲಿ ಆಡೋ ಮಕ್ಕಳ ಕಾಲು ಸಮುದ್ರಕ್ಕೇ ನಡೀಲಿ ಅಂತ. ಇಬ್ರು ನಡೆದೂ ಹೋದ್ರು."

"ಮೂರನೆಯದು?"

"ಮೂರನೇದರ ಬೂಟು ಒಳಗಿಟ್ರು. ತೊಟ್ಟ ಬೂಟಿಗೆ ಪಾದದ ರೂಪ ಬಂದಿರುತ್ತಲ್ಲ, ಮಗೂನೇ ಇದೆ ಅಂತ ಮಾಟದ ಪೀಡೆ ಒಳಗೆ ಹೊಗುತ್ತೆ. ಹಿಂದಕ್ಕೆ ಬರೋದು ಅದಕ್ಕೆ ಗೊತ್ತಿಲ್ಲ."

ಕೆರಿಜ್ ನಕ್ಕ. ಕಿಟಕಿಯ ಕಟ್ಟೆಯ ಮೇಲೆ ಕುಳಿತು ನಕ್ಷೆಗೆ ಬಣ್ಣ ತುಂಬುತ್ತಿದ್ದ ಆರು ವರ್ಷದ ಮಗಳು ಡಾರ್ಕಸ್ ಕೂಡ ನಕ್ಕಳು. ಅವಳ ತಾಯಿ ಶನಿವಾರ ಸಾಮಾನಿನೊಂದಿಗೆ ಬರುವವಳಿದ್ದಳು.

"ಸರಿ, ನಾನ್ ಗೇಟಿನ ಹತ್ರ ಇರ್ತೀನಿ," ಎಂದ ಥರ್ಟಲ್, ಟೋಪಿ ತೆಗೆದುಕೊಂಡು. "ಒಳಗೆ ನಿಲ್ಲೋಕೆ ನನ್ಗೇನ್ ಹುಚ್ಚಾ?"

ಇಟ್ಟಿಗೆ ಸುಲಭವಾಗಿ ಬಂತು. ಹಿಂದೆ ಒಂದು ಗೂಡು: ಅಗಲ ಮೂರು ಇಂಚು, ಎತ್ತರ ಮೂರೂವರೆ, ಆಳ ಎಂಟು. ಒಳಗೆ ಮಗುವಿನ ಎಡಗಾಲಿನ ಬೂಟು. ತೊಗಲು ಡಾಂಬರಿನಂತೆ ಕಪ್ಪಾಗಿತ್ತು. ಐದು ಬೆರಳುಗಳ ಗುರುತು ಸ್ಪಷ್ಟವಾಗಿತ್ತು. ಅದರ ಹಿಂದೆ, ಕಾಣೆಯಾಗಿದ್ದ ಎರಡು ಅಡಿಯ ಕಡೆಗೆ, ಒಂದು ಸೀಳು ಕತ್ತಲೊಳಕ್ಕೆ ಹೋಗಿತ್ತು. ಅವನು ಬೂಟನ್ನು ಹೊರತೆಗೆದು ಮೇಜಿನ ಮೇಲಿಟ್ಟು ಅಳತೆ ಬರೆದುಕೊಂಡ.

ಬರೆದು ತಲೆಯೆತ್ತುವಷ್ಟರಲ್ಲಿ ಕೋಣೆ ಮಂಕಾಗಿತ್ತು. ಕಡಲ ಮಂಜು ಕಿಟಕಿಗೆ ಒತ್ತಿ ನಿಂತಿತ್ತು. ಅಗ್ಗಿಷ್ಟಿಕೆಯಿಂದ ಒದ್ದೆ ಹಗ್ಗದ, ಕೊಳೆತ ಪಾಚಿಯ ವಾಸನೆ ಬಂತು. ಹೊಗೆಗೂಡಿನೊಳಗೆ ಮೇಲೆಲ್ಲೋ ಏನೋ ಊರಿದ ಸದ್ದು. ತಡೆದು, ಇನ್ನೊಮ್ಮೆ. ಪ್ರತಿ ಸಲವೂ ಒಂದೇ ಕಾಲಿನ ಸದ್ದು.

ಮುದುಕ ಥರ್ಟಲ್ ಛಾವಣಿ ಹತ್ತಿದ್ದಾನೆ, ಎಂದುಕೊಂಡ ಕೆರಿಜ್. ತನ್ನನ್ನು ಹೆದರಿಸಿ ಓಡಿಸಿ ಮನೆ ದಕ್ಕಿಸಿಕೊಳ್ಳುವ ಉಪಾಯ. ಕಿಟಕಿಗೆ ಹೋಗಿ ನೋಡಿದ. ಮಂಜಿನಲ್ಲಿ ಗೇಟಿನ ಬಳಿ ಥರ್ಟಲ್ ಅಲುಗದೆ ನಿಂತಿದ್ದ.

ಹಾಗಾದರೆ ಅವನ ಜೊತೆಗಾರ ಯಾರೋ ಇರಬೇಕು. ಕೆರಿಜ್ ಅಗ್ಗಿಷ್ಟಿಕೆಯೊಳಗೆ ತಲೆ ಹಾಕಿದ. ಮೇಲೆ ಆಕಾಶದ ಚೌಕ ತೆರವಾಗಿತ್ತು, ಯಾರೂ ಇರಲಿಲ್ಲ. ಕೆಳಗೆ, ಮಸಿಯ ಮೇಲೆ, ನೀರಿನ ಹೆಜ್ಜೆಯೊಂದು ಮೂಡಿತು. ಅವನು ನೋಡುತ್ತಿದ್ದಂತೆಯೇ ಇನ್ನೊಂದು. ಎಲ್ಲವೂ ಎಡಗಾಲು. ಕೋಣೆಯ ನೆಲ ದಾಟಿ, ಕೊನೆಯದು ಕಿಟಕಿಯ ಕಟ್ಟೆಯ ಕೆಳಗೆ ನಿಂತಿತು.

ಡಾರ್ಕಸ್ ಎದ್ದಳು.

"ಎಲ್ಲಿಗೆ ಪುಟ್ಟಿ?"

"ನಾನ್ ಹೋಗ್ತಿಲ್ಲ ಅಪ್ಪಾ," ಎಂದಳು ಅವಳು ಬೆರಗಿನಿಂದ. "ಕಾಲು ಹೋಗ್ತಿದೆ."

ಎಡಗಾಲು ಹೆಜ್ಜೆ ಮುಂದಿಟ್ಟಿತು. ಬಲಗಾಲು ಎಳೆದುಕೊಂಡು ಹಿಂದೆ ಬಂತು. ತೋಟದ ಬಾಗಿಲು ತೆರೆದಿತ್ತು. ಬಾಗಿಲಿನಿಂದ ಕಡಲಂಚಿನ ಪ್ರಪಾತಕ್ಕೆ ಅರವತ್ತು ಗಜ, ಅವನೇ ಅಳೆದಿದ್ದ. ಅವನು ಅವಳ ಸೊಂಟ ಹಿಡಿದೆಳೆದ. ಆರು ವರ್ಷದ ಕೂಸು. ಆದರೂ ಅವನ ಹಿಮ್ಮಡಿ ನೆಲದ ಮೇಲೆ ಜಾರಿತು.

"ನೋಯ್ತಿದೆ ಅಪ್ಪಾ!"

ಅವಳನ್ನು ಬಗಲಿಗೇರಿಸಿಕೊಂಡು, ಕಾಲೂರುತ್ತ, ಮೇಜಿನತ್ತ ತಿರುಗಿದ. ಹಳೆಯ ಬೂಟನ್ನು ಎತ್ತಿದ. ಅದು ನೆನೆದ ಎಲೆಯಂತೆ ಬೆರಳಲ್ಲೇ ಹರಿದು ಉದುರಿತು. ತನ್ನ ಬೂಟು ಕಿತ್ತು ಗೂಡಿಗೆ ತುರುಕಿದ. ಹಿಡಿಸಲಿಲ್ಲ. ಮೂರು ಇಂಚು. ಮೂರೇ ಇಂಚು!

"ಮಗೂದು ಇಡಿ ಸಾರ್!" ಗೇಟಿನಿಂದ ಥರ್ಟಲ್ ಕಿರುಚಿದ. "ಕಾಲಲ್ಲಿರೋದು! ಬಿಸಿ ಆರೋದ್ರೊಳಗೆ!"

ಆಗಲೂ ಅವನಿಗೆ ಅನುಮಾನ. ಇದೇ ಇರಬಹುದೇ ಮುದುಕನಿಗೆ ಬೇಕಾದದ್ದು? ಇದೇ ಇರಬಹುದೇ ಮಾಟ? ಯಾಕೆ ಬಿಸಿ? ಕೊಟ್ಟರೆ ಏನಾಗುತ್ತದೆ? ಕೇಳಲು ಹೊತ್ತಿರಲಿಲ್ಲ. ಡಾರ್ಕಸ್ ಬಗಲಿಂದ ಜಾರುತ್ತಿದ್ದಳು. ಎಡಗಾಲು ಬಾಗಿಲತ್ತ ನೆಟ್ಟಗೆ ಚಾಚಿತ್ತು. ಲೇಸು ಹರಿದ. ಬೂಟು ಕಳಚಿದ. ಗೂಡಿಗೆ ತಳ್ಳಿದ.

ಒದ್ದೆಯದೇನೋ ಅವನ ಮಣಿಕಟ್ಟನ್ನು ಸವರಿಕೊಂಡು ಒಳಗೆ ಹೋಯಿತು. ಬೂಟಿನ ತೊಗಲು ಕಿರುಗುಟ್ಟಿತು, ಯಾರೋ ಪಾದ ತೂರಿಸಿ ಹಿಮ್ಮಡಿ ಕೂರಿಸಿದಂತೆ. ಅವನು ಇಟ್ಟಿಗೆ ಒತ್ತಿ, ಅದಕ್ಕೆ ಬೆನ್ನು ಕೊಟ್ಟು ಕುಳಿತ. ಮಗಳ ಕಾಲು ಸಡಿಲವಾಗಿ ನೆಲಕ್ಕೆ ಬಿತ್ತು.

ಥರ್ಟಲ್ ಗಾರೆಯ ಬಾಣಲಿ ಹಿಡಿದು ಒಳಬಂದ. ಕೆರಿಜ್‌ನ ಮುಖ ನೋಡದೆ ಇಟ್ಟಿಗೆಯ ಸುತ್ತ ಮೆತ್ತಿದ.

"ಬಿಸಿ ಆರೋದ್ರೊಳಗೆ ಅಂದ್ಯಲ್ಲ," ಎಂದ ಕೆರಿಜ್. "ಬೂಟಿನ ಜೊತೆ ಇನ್ನೇನು ಹೋಯ್ತು?"

"ಮಗು ಉಳೀತಲ್ಲ ಸಾರ್."

"ನಾನ್ ಕೇಳಿದ್ದು ಅದಲ್ಲ."

ಬಡಗಿ ಕರಣೆ ಒರೆಸಿಕೊಂಡು ಹೋದ.

ಉತ್ತರ ನಿಧಾನವಾಗಿ ಬಂತು. ಲಂಡನ್ನಿನ ವೈದ್ಯರು ನರದ ದೋಷವೆಂದರು, ಮೂಳೆಯದೆಂದರು. ಕೆರಿಜ್ ಪ್ರತಿ ಹುಟ್ಟುಹಬ್ಬಕ್ಕೆ ಮಗಳನ್ನು ಕಾಗದದ ಮೇಲೆ ನಿಲ್ಲಿಸಿ ಪಾದಗಳ ಸುತ್ತ ಪೆನ್ಸಿಲ್ ಎಳೆದ. ಮನೆಯನ್ನು ಮಾರಲಿಲ್ಲ, ಆ ಇಟ್ಟಿಗೆಯನ್ನು ಯಾರಿಗೂ ಮುಟ್ಟಗೊಡಲಿಲ್ಲ. ಡಾರ್ಕಸ್‌ಗೆ ಇಪ್ಪತ್ತು ತುಂಬಿದ ದಿನ ಬಲಪಾದ ಒಂಬತ್ತೂವರೆ ಇಂಚು ಇತ್ತು. ಎಡಪಾದ, ಮೊದಲ ಕಾಗದದಲ್ಲಿದ್ದಂತೆಯೇ, ಆರೂ ಮುಕ್ಕಾಲು.