ಗ್ರಾಫಿನಲ್ಲಿದ್ದ ಸಣ್ಣ ದಿಬ್ಬ

"ಪೆಂಗ್ವಿನ್, ಟೀ ಆರ್ತಾ ಇದೆ. ನಾಳೆ ಇಂಟರ್‌ವ್ಯೂ ಅಂತ ಇವತ್ತಿಂದಾನೇ ಉಪವಾಸನಾ?"

ಪಕ್ಕದ ಕೋಣೆಯಿಂದ ಎಲಿಸಿಯೊ ಕೂಗಿದರೂ ಯಾಸ್ನಾ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. ದೇಶದ ದಕ್ಷಿಣ ತುದಿಯಲ್ಲಿ ಪೆಂಗ್ವಿನ್‌ಗಳಿರುವ ಚಳಿ ಊರು ಪುಂತಾ ಅರೇನಾಸಿನವಳೆಂದು ಅವನು ಇಟ್ಟ ಹೆಸರು ಅದು. ಬೇರೆ ಯಾರು ಹಾಗೆ ಕರೆದಿದ್ದರೂ ಜಗಳಕ್ಕೆ ನಿಲ್ಲುತ್ತಿದ್ದಳು. ಅವನು ಕರೆದರೆ ಮಾತ್ರ ಕಿವಿ ಕೆಂಪಾಗುತ್ತಿತ್ತು.

ಇವತ್ತು ಕಿವಿಗೆ ಅಂಥ ಪುರುಸೊತ್ತಿರಲಿಲ್ಲ.

ಉತ್ತರದ ಗಣಿ ಸೀಮೆಯ ಆಂತೊಫಗಾಸ್ತಾದಲ್ಲಿದ್ದ ಅವರ ಲ್ಯಾಬಿನಲ್ಲಿ ಈ ವರ್ಷ ಪಿಎಚ್‌.ಡಿ.ಗೆ ಇದ್ದದ್ದು ಒಂದೇ ಸೀಟು. ಅರ್ಜಿ ಹಾಕಿದವರು ಇವರಿಬ್ಬರು. ಸಿಗದಿದ್ದರೆ ಎಲಿಸಿಯೊ ಅಪ್ಪನ ಹಾಗೆ ತಾಮ್ರದ ಗಣಿಯ ಪಾಳಿಗೆ ಹೋಗಬೇಕು. ಯಾಸ್ನಾ ಊರಿಗೆ ವಾಪಸಾಗಬೇಕು. ಗೆಲ್ಲುವವನು ಅವನೇ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಮರುಭೂಮಿಯ ಗಿಡವೊಂದರ ರಸ ತಾಮ್ರದ ಮೈಗೆ ಅಂಟಿಕೊಂಡು ಅದನ್ನು ಸವೆಯದಂತೆ ಕಾಯುತ್ತದೆ ಎಂಬುದು ಅವನ ಶೋಧ. ಅದಕ್ಕೆ ಸಾಕ್ಷಿ, ಗ್ರಾಫಿನಲ್ಲಿ ಏಳುವ ಒಂದು ಸಣ್ಣ ದಿಬ್ಬ.

ಆ ದಿಬ್ಬ ಈಗ ಯಾಸ್ನಾಳ ಪರದೆಯ ಮೇಲೂ ಎದ್ದಿತ್ತು. ಅವಳ ಪಾತ್ರೆಯಲ್ಲಿ ಗಿಡದ ರಸವೇ ಇರಲಿಲ್ಲ. ಬರೀ ತಾಮ್ರ, ಬರೀ ಶುದ್ಧ ದ್ರಾವಣ. ಅಳತೆಗೆಂದು ದ್ರಾವಣದಲ್ಲಿ ಅದ್ದುವ ತನ್ನ ಎಲೆಕ್ಟ್ರೋಡ್ ಒಡೆದುಹೋಗಿ, ಬೆಳಿಗ್ಗೆ ಅವನದನ್ನು ಕೇಳಿ ತಂದಿದ್ದಳು. ಆ ಗಾಜಿನ ನಳಿಗೆಯ ತುದಿಯಿಂದ ಒಳಗಿನ ಉಪ್ಪುನೀರು ಸೋರುತ್ತಿತ್ತು. ದಿಬ್ಬ ಗಿಡದ್ದಲ್ಲ, ಉಪ್ಪಿನದು.

ಹೇಳಿದರೆ ಸೀಟು ತನಗೆ. ಅದೇ ಅವಳ ಸಂಕಟ. ಪೈಪೋಟಿಗೆ ನಿಂತವಳೇ ಇಂಟರ್‌ವ್ಯೂ ಹಿಂದಿನ ದಿನ ಬಂದು ನಿನ್ನ ಕೆಲಸ ಸುಳ್ಳು ಎಂದರೆ ಯಾರು ತಾನೇ ನಂಬುತ್ತಾರೆ? ಹೇಳದಿದ್ದರೆ ಅವನು ವರ್ಷಗಟ್ಟಲೆ ಇಲ್ಲದ್ದನ್ನು ಹುಡುಕುತ್ತಾ ಕೂರುತ್ತಾನೆ. ಅವಳು ಎದ್ದು ಲ್ಯಾಬಿನ ಮುಖ್ಯಸ್ಥೆ ಪ್ರೊಫೆಸರ್ ಮಿರ್ತಾ ಅವರ ಕೋಣೆಗೆ ಹೋಗಿ ಬಂದಳು. ಆಮೇಲೆ ಅವನೆದುರು ಬಂದು ಕೂತಳು.

ಅವನು ಬ್ರೆಡ್ಡಿಗೆ ಬೆಣ್ಣೆಹಣ್ಣು ಸವರಿ ಅವಳ ಕಡೆ ತಳ್ಳಿದ. ದೊಡ್ಡ ತುಂಡು ಯಾವಾಗಲೂ ಅವಳಿಗೇ.

"ನಾನು ಅರ್ಜಿ ವಾಪಸ್ ತಗೊಂಡೆ," ಎಂದಳು. "ಈಗ ಇನ್ನೊಂದು ಮಾತು ಹೇಳ್ತೀನಿ. ಇದ್ರಲ್ಲಿ ನಂಗೇನೂ ಲಾಭ ಇಲ್ಲ ಅಂತ ತಿಳ್ಕೊಂಡು ಕೇಳು."

ಎಲ್ಲವನ್ನೂ ಹೇಳಿದಳು. ಅವನು ನಗಲಿಲ್ಲ, ಬೈಯಲೂ ಇಲ್ಲ. ಲ್ಯಾಬಿಗೆ ಹೋಗಿ, ಬೇರೆ ಗುಂಪಿನವರಿಂದ ಒಂದು ಎಲೆಕ್ಟ್ರೋಡ್ ತಂದು, ತನ್ನ ಗಿಡದ ರಸ ಹಾಕಿ ಅಳತೆ ಶುರುಮಾಡಿದ. ಗೆರೆ ನಿಧಾನಕ್ಕೆ ಸಾಗಿತು. ದಿಬ್ಬ ಏಳಬೇಕಾದ ಜಾಗ ಬಂತು. ಗೆರೆ ಸಪಾಟಾಗಿಯೇ ಅದನ್ನು ದಾಟಿಹೋಯಿತು. ಯಾಸ್ನಾಳಿಗೆ ಅಳು ಬಂತು.

"ಸೋರೋ ನಳಿಗೆ ಹಿಡ್ಕೊಂಡು ಇಷ್ಟು ದಿನ ಮೆರೀತಿದ್ದೆ," ಎಂದ. "ಹೋಗ್ಲಿ ಬಿಡು. ನೋವಾಗಿರೋದು ಅದಕ್ಕಲ್ಲ."

"ಮತ್ತೆ ಯಾವುದಕ್ಕೆ?"

"ಮೊದ್ಲು ಅರ್ಜಿ ವಾಪಸ್ ತಗೊಂಡು ಆಮೇಲೆ ನನ್ನ ಹತ್ರ ಬಂದ್ಯಲ್ಲ, ಇಲ್ದಿದ್ರೆ ಇವನು ನಂಬಲ್ಲ ಅಂತ. ನಾನು ಅಷ್ಟು ಸಣ್ಣ ಮನುಷ್ಯನಾ, ಯಾಸ್ನಾ?"

ಪೆಂಗ್ವಿನ್ ಎನ್ನಲಿಲ್ಲ. ಅದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

"ನೀನು ನಂಬದೇ ಹೋಗಿದ್ರೆ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ ಕಣೋ. ಸೀಟು ಹೋದ್ರೆ ಹೇಗೋ ತಡ್ಕೋಬೋದು ಅನ್ನಿಸ್ತು."

ಅವನು ಅವಳನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟು ಕರಗಿದ್ದು ಅವಳಿಗೆ ಕಾಣಿಸಿತು; ನೋವು ಹಾಗೇ ಉಳಿದಿದ್ದೂ ಕಾಣಿಸಿತು.

"ನಡಿ, ಮೇಡಂ ಹತ್ರ ಹೋಗೋಣ. ದಿಬ್ಬದ ವಿಷ್ಯ ನಾನೇ ಹೇಳ್ತೀನಿ. ನೀನು ಅರ್ಜಿ ಮತ್ತೆ ಕೊಡು."

"ನೀನು ಗಣಿಗೆ ಹೋಗ್ಬೇಕಾಗುತ್ತೆ."

"ಹೋಗ್ತೀನಿ. ಒಂದು ವಾರ ಬೆಟ್ಟದ ಮೇಲೆ ಗಣೀಲಿ, ಒಂದು ವಾರ ರಜೆ, ಕೆಳಗೆ. ಕೆಳಗೆ ಇಳಿದಾಗ ನೀನು ಇಲ್ಲಿರ್ತೀಯ. ನಾನು ಗೆದ್ದು, ನೀನು ಆ ಚಳಿ ಊರಿಗೆ ಹೊರಟ್ಹೋದ್ರೆ, ನಾನು ಯಾರ ಹತ್ರ ಬರ್ಲಿ?"

ಅವಳು ಆಸಿಡ್ಡಿಗೆ ಒರಟಾಗಿದ್ದ ತನ್ನ ಕೈಯನ್ನು ಅವನ ಕೈಯೊಳಗಿಟ್ಟಳು.

"ಮೇಡಂ, ನನ್ನ ಗ್ರಾಫ್ ತಪ್ಪು," ಎಂದ ಅವನು, ಕೋಣೆಯ ಬಾಗಿಲಲ್ಲೇ ನಿಂತು. "ಕಂಡುಹಿಡಿದಿದ್ದು ಇವಳು. ಇವಳ ಅರ್ಜಿ ಮತ್ತೆ ತಗೊಳ್ಳಿ."

ಪ್ರೊಫೆಸರ್ ಮಿರ್ತಾ ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು.

"ಅಳ್ತಾ ಬಂದು ವಾಪಸ್ ಕೇಳಿದವರ ಅರ್ಜಿ ನಾನು ಅವತ್ತೇ ತೆಗೆದುಹಾಕಲ್ಲ," ಎಂದರು. "ಕೂತ್ಕೊಳಿ."

ಮೇಜಿನ ಈಚೆ ಇದ್ದದ್ದು ಒಂದೇ ಕುರ್ಚಿ. ಎಲಿಸಿಯೊ ಅದನ್ನು ಅವಳ ಕಡೆ ಎಳೆದ.

"ಕೂತ್ಕೋ, ಪೆಂಗ್ವಿನ್," ಎಂದ.