ರಾತ್ರಿ ರಕ್ತ ತೆಗೆದವರ ಧ್ವನಿ

ಫೆಬ್ರವರಿ 15, ಶನಿವಾರ. ಬೆಳಿಗ್ಗೆ ಹನ್ನೊಂದೂವರೆಗೆ ಮಣಿಪಾಲ ಠಾಣೆಗೆ ಬಂದ ಯುವತಿ ದೂರನ್ನು ಮನೆಯಲ್ಲೇ ಬರೆದು ತಂದಿದ್ದಳು. ಹೆಸರು ಧೃತಿ, ವಯಸ್ಸು ಇಪ್ಪತ್ತೊಂಬತ್ತು, ವೈದ್ಯಕೀಯ ಇತಿಹಾಸದ ಸಂಶೋಧಕಿ. ಕಳವಾದದ್ದು ಎರಡು ಹಾರ್ಡ್ ಡಿಸ್ಕ್ ಮತ್ತು ಒಂದು ರೆಕಾರ್ಡರ್.

ಸಬ್ ಇನ್‌ಸ್ಪೆಕ್ಟರ್ ಯಶ್ವಂತ್ ದೂರನ್ನು ಎರಡು ಸಲ ಓದಿದರು.

"ಇದರಲ್ಲಿ ಎಂತ ಉಂಟು?"

"ಮಾತು ಸರ್. ಹಿಂದೆ ಆನೆಕಾಲು ರೋಗದ ತಪಾಸಣೆ ಮಾಡಿದವರದ್ದು. ಆ ರೋಗದ ಹುಳ ರಕ್ತದಲ್ಲಿ ಸಿಗುವುದು ರಾತ್ರಿ ಹೊತ್ತು. ಅದಕ್ಕೆ ಇವರು ಮನೆಮನೆಗೆ ಹೋಗಿ, ಮಲಗಿದವರನ್ನು ಎಬ್ಬಿಸಿ, ಬೆರಳು ಚುಚ್ಚಿ ರಕ್ತ ತೆಗೀತಿದ್ದರು. ಅಂಥವರಲ್ಲಿ ಏಳು ಜನ ನನಗೆ ಸಿಕ್ಕಿದ್ದು."

"ಕಾಪಿ?"

"ಎರಡನೇ ಡಿಸ್ಕೇ ಕಾಪಿ. ಎರಡೂ ಒಂದೇ ಚೀಲದಲ್ಲಿತ್ತು."

"ಇಂಟರ್ನೆಟ್ಟಿನಲ್ಲಿ ಹಾಕಿಡ್ಲಿಲ್ವಾ? ನನ್ನ ಮಗಳು ಬೆಕ್ಕಿನ ಫೋಟೋ ಕೂಡ ಹಾಕಿಡ್ತಾಳೆ."

"ಹಾಕುವ ಹಾಗಿಲ್ಲ ಸರ್. ರೋಗಿಗಳ ಹೆಸರು ಉಂಟು ಅದರಲ್ಲಿ. ಹಾಕುವುದಿಲ್ಲ ಎಂದು ಬರೆದುಕೊಟ್ಟ ಮೇಲೆಯೇ ಯೋಜನೆ ಮಂಜೂರಾದದ್ದು."

ಯೋಜನೆಗೆ ನೆರವು ಕೊಟ್ಟದ್ದು ಪುಣೆಯ ಒಂದು ಪ್ರತಿಷ್ಠಾನ. ವೈದ್ಯಕೀಯ ಇತಿಹಾಸದ ಸಂಶೋಧನೆಗೆ ಅದು ವರ್ಷಕ್ಕೆ ಒಬ್ಬರಿಗೆ ಕೊಡುವ ಪ್ರಶಸ್ತಿಯೂ ಈ ಬಾರಿ ಧೃತಿಗೆ ಬಂದಿತ್ತು. ಪ್ರಶಸ್ತಿಯೆಂದರೆ ಪುಣೆಯಲ್ಲಿ ಮೂರು ವರ್ಷದ ಕೆಲಸ. ಸೋಮವಾರ ಸಂಜೆಯೊಳಗೆ ಧ್ವನಿಮುದ್ರಿಕೆಗಳನ್ನು ಅಲ್ಲಿಗೆ ಒಪ್ಪಿಸದಿದ್ದರೆ ಅದು ಎರಡನೇ ಸ್ಥಾನದವರಿಗೆ ಹೋಗುತ್ತದೆ. ಭಾನುವಾರ ಸಂಜೆಯ ಬಸ್ಸಿಗೆ ಅವಳ ಟಿಕೆಟ್ ಆಗಿತ್ತು.

"ಎರಡನೇ ಸ್ಥಾನ ಯಾರಿಗೆ?"

"ನೆವಿಲ್ ಅಂತ. ಉಡುಪಿಯಲ್ಲಿ ಲೆಕ್ಚರರ್. ಆದರೆ ಅವನು ಅಂಥವನಲ್ಲ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಯಶ್ವಂತ್ ಕಾನ್‌ಸ್ಟೇಬಲ್ ಭವ್ಯಶ್ರೀಯೊಂದಿಗೆ ಕಳವು ನಡೆದ ಸಭಾಂಗಣಕ್ಕೆ ಹೋಗಿ ಸ್ಥಳ ಪಂಚನಾಮೆ ಮಾಡಿದರು. ಶುಕ್ರವಾರ ಸಂಜೆ ಅಲ್ಲಿ ಯೋಜನೆಯ ಸಮಾರೋಪ ನಡೆದಿತ್ತು. ಏಳು ಹಿರಿಯರಿಗೆ ಶಾಲು, ಹಣ್ಣಿನ ಚೀಲ, ಚಹಾ. ಧೃತಿಯ ಚೀಲ ಮುಂದಿನ ಸಾಲಿನ ಪಕ್ಕದ ಮೇಜಿನ ಮೇಲಿತ್ತು. ಲ್ಯಾಪ್‌ಟಾಪ್ ಹೋಗಿರಲಿಲ್ಲ, ಪರ್ಸ್ ಹೋಗಿರಲಿಲ್ಲ. ಒಳಗೆ ಕ್ಯಾಮೆರಾ ಇರಲಿಲ್ಲ. ಚೀಲವನ್ನು ಹಾಗೆಯೇ ಕೋಣೆಗೆ ಒಯ್ದವಳು ಅದನ್ನು ಬಿಚ್ಚಿದ್ದು ಮರುದಿನ ಹತ್ತು ಗಂಟೆಗೆ.

"ಕಳ್ಳನಿಗೆ ಬೇಕಾದದ್ದು ಮಾತು ಮಾತ್ರ," ಎಂದರು ಯಶ್ವಂತ್.

ನೆವಿಲ್ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಬ್ಬನೇ ಇದ್ದ. ಎಡಗೆನ್ನೆ ಊದಿತ್ತು.

"ಕಳವಿನ ಸುದ್ದಿ ಧೃತಿಯೇ ಫೋನ್ ಮಾಡಿ ಹೇಳಿದಳು. ನೀವು ಬರ್ತೀರಿ ಅಂತ ಗೊತ್ತಿತ್ತು ಸರ್. ಪ್ರಶಸ್ತಿ ತಪ್ಪಿದವ ನಾನೇ ಅಲ್ವಾ."

"ನಿನ್ನೆ ಸಂಜೆ ಎಲ್ಲಿದ್ದಿರಿ?"

"ಬನ್ನಂಜೆಯಲ್ಲಿ, ಡೆಂಟಿಸ್ಟ್ ಕುರ್ಚಿಯಲ್ಲಿ. ಎರಡು ಗಂಟೆ ಬಾಯಿ ತೆರೆದುಕೊಂಡು. ಕದಿಯುವುದಾದರೆ ಇದಕ್ಕಿಂತ ಸುಖದ ಅಲಿಬಿ ಹುಡುಕ್ತಿದ್ದೆ."

"ಪ್ರಶಸ್ತಿ ಬೇಡವಾ?"

"ಬೇಕು. ಅದನ್ನು ನಂಬಿ ಮದುವೆ ಮುಂದೆ ಹಾಕಿದವ ನಾನು." ಅವನು ಕೆನ್ನೆ ಹಿಡಿದುಕೊಂಡ. "ಆ ಮುದುಕರ ಹತ್ತಿರ ನಾನೂ ಹೋಗಿದ್ದೆ ಸರ್. ನನ್ನ ಪ್ರಶ್ನೆ ಮುಗಿಯಿತು, ಎದ್ದು ಬಂದೆ. ಅವಳು ಪ್ರಶ್ನೆ ಮುಗಿದ ಮೇಲೂ ಕೂತಳು."

ದಂತವೈದ್ಯರು ಫೋನಿನಲ್ಲಿ ಹೌದೆಂದರು.

ಸಂಜೆ ಇಬ್ಬರೂ ಪೊಲೀಸರು ಕಾರ್ಕಳಕ್ಕೆ ಹೋದರು. ಏಳು ಜನರಲ್ಲಿ ಒಬ್ಬರಾದ ನಿವೃತ್ತ ನರ್ಸ್ ಸುಗಂಧಿ ಮೊಮ್ಮಗುವನ್ನು ಸೊಂಟದಲ್ಲಿಟ್ಟುಕೊಂಡೇ ಬಾಗಿಲು ತೆರೆದರು.

"ಅಯ್ಯೋ ದೇವರೇ, ಎಲ್ಲ ಹೋಯಿತಾ? ಪಾಪ ಆ ಹುಡುಗಿ! ಇನ್ನೊಮ್ಮೆ ಹೇಳ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ ಮಾರಾಯ್ರೆ, ಇವನನ್ನು ಹಿಡಿಯುವುದರಲ್ಲೇ ನನ್ನ ದಿನ ಮುಗೀತದೆ."

"ಮೇಜಿನ ಹತ್ತಿರ ಯಾರು ಕೂತಿದ್ದರು ಅಮ್ಮಾ?" ಭವ್ಯಶ್ರೀ ಕೇಳಿದಳು.

"ನಾನು, ಮತ್ತೆ ಕಾಪುವಿನ ಸ್ಟ್ಯಾನಿಸ್ಲಾಸ್ ಪೊರ್ಬು. ಚಹಾಕ್ಕೆ ನಾವೆಲ್ಲ ಎದ್ದೆವು, ಅವರು ಏಳ್ಲಿಲ್ಲ. ಕಾಲು ನೋವು ಅಂದರು." ಆ ಕಡೆ ಕ್ರಿಶ್ಚಿಯನ್ ಹಿರಿಯರನ್ನು ಗೌರವದಿಂದ ಪೊರ್ಬು ಎನ್ನುತ್ತಾರೆ.

ಉಳಿದ ಐವರಿಗೆ ಭವ್ಯಶ್ರೀ ಜೀಪಿನಿಂದಲೇ ಫೋನ್ ಮಾಡಿದಳು. ಎಲ್ಲರಿಗೂ ಅದು ಹೊಸ ಸುದ್ದಿ. ಕೊನೆಗೆ ಅವಳು ಧೃತಿಗೆ ಫೋನ್ ಮಾಡಿದಳು.

"ಕಳವಿನ ವಿಷಯ ಇವರಿಗೆ ಯಾರಿಗೂ ನೀವು ಹೇಳ್ಲಿಲ್ವಾ?"

"ಇಲ್ಲ. ಹೇಗೆ ಹೇಳುವುದು?"

"ಸ್ಟ್ಯಾನಿಸ್ಲಾಸ್ ಹತ್ತಿರ ಮಾತಾಡಿದ್ದೀರಾ?"

"ಬೆಳಿಗ್ಗೆ ಎಂಟು ಗಂಟೆಗೆ ಅವರೇ ಫೋನ್ ಮಾಡಿದ್ದರು. ಗುರುವಾರ ಬಾ, ಪುನಃ ಮೊದಲಿನಿಂದ ಹೇಳ್ತೇನೆ ಅಂದರು. ಗುರುವಾರ ಗುರುವಾರ ಹೋಗ್ತಿದ್ದೆ ಅವರಲ್ಲಿಗೆ. ಯೋಜನೆ ಮುಗಿಯಿತಲ್ಲ ಸರ್ ಅಂದೆ. ಅದು ಹೌದು, ಆದರೂ ಬೇಕಾಗ್ತದೆ ಅಂದರು. ಪ್ರಾಯ ಆಯಿತು, ಮರೆವು ಶುರುವಾಗಿದೆ ಅಂದುಕೊಂಡೆ."

"ನೀವು ಚೀಲ ಬಿಚ್ಚಿದ್ದು ಹತ್ತು ಗಂಟೆಗೆ."

"ಅಂದರೆ ನನಗಿಂತ ಮೊದಲೇ ಅವರಿಗೆ ಗೊತ್ತಿತ್ತಾ?" ಎಂದಳು ಧೃತಿ.

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಅವರು ಕಾಪು ತಲುಪಿದರು. ಪೇಟೆಯ ಹಿಂದಿನ ಬಾಡಿಗೆ ಮನೆಗಳ ಸಾಲಿನಲ್ಲಿ ಕೊನೆಯದು. ಎಪ್ಪತ್ತೆಂಟರ ಸ್ಟ್ಯಾನಿಸ್ಲಾಸ್ ಆಗಷ್ಟೇ ಇಗರ್ಜಿಯ ಪೂಜೆ ಮುಗಿಸಿ ಬಂದು ಒಳ್ಳೆಯ ಅಂಗಿಯಲ್ಲೇ ಕೂತಿದ್ದರು. ಕೋಣೆಯಲ್ಲಿ ಎರಡು ಕುರ್ಚಿ.

"ಕೂತುಕೊಳ್ಳಿ. ಅದು ಅವಳ ಕುರ್ಚಿ. ಪರವಾಗಿಲ್ಲ."

ಯಶ್ವಂತ್ ನಿಂತೇ ಇದ್ದರು. "ಡಿಸ್ಕ್ ಎಲ್ಲಿ?"

ಮುದುಕರು ಭವ್ಯಶ್ರೀಯನ್ನು ನೋಡಿದರು. "ನಾನು ಫೋನ್ ಮಾಡಬಾರದಿತ್ತು, ಅಲ್ವಾ?"

"ಹೌದು ಪೊರ್ಬುಗಳೇ."

"ತಡೆಯಲಿಕ್ಕೆ ಆಗಲಿಲ್ಲ."

ಅವರು ಕಪಾಟಿನಿಂದ ಸನ್ಮಾನದ ಶಾಲನ್ನು ತೆಗೆದು ಮಂಚದ ಮೇಲೆ ಬಿಚ್ಚಿದರು. ಎರಡು ಡಿಸ್ಕ್, ರೆಕಾರ್ಡರ್.

"ಅಳಿಸಿದ್ದೀರಾ?"

"ಛೆ. ಅದರಲ್ಲಿ ಬೇರೆ ಆರು ಜನ ಇದ್ದಾರೆ."

"ಇದು ಹೋದರೆ ಅವಳ ಪ್ರಶಸ್ತಿ ಹೋಗ್ತಿತ್ತು. ಗೊತ್ತಿತ್ತಾ?"

"ಗೊತ್ತಿತ್ತು." ಅವರು ಶಾಲನ್ನು ಮಡಚತೊಡಗಿದರು. "ಹೋದರೆ ಇಲ್ಲೇ ಇರ್ತಾಳೆ ಅಂತ. ಪುನಃ ಕೇಳ್ಲಿಕ್ಕೆ ಬರ್ತಾಳೆ ಅಂತ. ಮೂವತ್ತೊಂದು ವರ್ಷ ಊರಿಡೀ ಬಾಗಿಲು ಬಡಿದೆ ಸರ್. ತೆರೆದವರು ಬೈದುಕೊಂಡೇ ತೆರೆದದ್ದು. ಹಗಲು ಮಲಗುವವನಿಗೆ ಹೆಣ್ಣು ಯಾರು ಕೊಡ್ತಾರೆ? ನನ್ನ ಬಾಗಿಲು ಬಡಿದವಳು ಅವಳೊಬ್ಬಳು. ಮತ್ತೆ ಈಗ ನೀವು."

ಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆಸಿ ಜಪ್ತಿ ಪಂಚನಾಮೆ ಬರೆಯಲಾಯಿತು. ಅವರು ಆ ಕೋಣೆಯೊಳಗೆ ಬಂದದ್ದು ಅದೇ ಮೊದಲು. ಸುತ್ತಲೂ ನೋಡಿ, ಸಹಿ ಮಾಡಿ ಹೋದರು.

ಮಧ್ಯಾಹ್ನ ಠಾಣೆಯಲ್ಲಿ ಧೃತಿ ಡಿಸ್ಕುಗಳನ್ನು ಗುರುತಿಸಿದಳು. ಹೆಡ್‌ಫೋನ್ ಹಾಕಿಕೊಂಡು ಪ್ರತಿಯೊಬ್ಬರ ಮಾತನ್ನೂ ಸ್ವಲ್ಪ ಸ್ವಲ್ಪ ಕೇಳಿ ಪರೀಕ್ಷಿಸಿದಳು. ಸ್ಟ್ಯಾನಿಸ್ಲಾಸ್ ಎದುರಿನ ಬೆಂಚಿನಲ್ಲಿದ್ದರು.

"ಎಲ್ಲ ಸರಿ ಉಂಟಾ?" ಎಂದು ಅವರೇ ಕೇಳಿದರು.

"ಉಂಟು ಸರ್."

"ನನ್ನದೂ?"

"ನಿಮ್ಮದೂ ಉಂಟು."

"ಹಾಗಾದರೆ ಪುನಃ ಹೇಳ್ಲಿಕ್ಕೆ ಇಲ್ಲ."

ಧೃತಿ ಹೆಡ್‌ಫೋನಿನ ವಯರನ್ನು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. "ಇಲ್ಲ ಸರ್," ಎಂದಳು. ಕೇಸು ಬೇಡವೆಂದು ಅವಳು ಯಶ್ವಂತರಲ್ಲಿ ಕೇಳಿಕೊಂಡಳು. ಎಫ್‌ಐಆರ್ ಆದ ಮೇಲೆ ಅದು ತನ್ನ ಕೈಯಲ್ಲಿಲ್ಲ, ಏನಿದ್ದರೂ ನ್ಯಾಯಾಲಯದಲ್ಲಿ ಹೇಳಬಹುದು ಎಂದರು ಅವರು. ಮುಚ್ಚಳಿಕೆ ಬರೆಸಿಕೊಂಡು ಒಂದು ಡಿಸ್ಕನ್ನು ಅವಳ ವಶಕ್ಕೆ ಕೊಟ್ಟರು. ನಾಲ್ಕು ಗಂಟೆಗೆ ಅವಳು ಹೊರಟಳು. ಬಾಗಿಲ ಬಳಿ ಒಮ್ಮೆ ನಿಂತಳು. ಆಮೇಲೆ ಹೋದಳು.

ಸಂಜೆ ಐದೂವರೆಗೆ ಸ್ಟ್ಯಾನಿಸ್ಲಾಸರನ್ನು ಬಂಧಿಸಲಾಯಿತು. ಹೇಳಿಕೆಯಲ್ಲಿ ಕಾರಣ ಒಂದೇ ಸಾಲಿನಲ್ಲಿತ್ತು: ಸಂಶೋಧಕಿ ಮತ್ತೆ ಬರಬೇಕೆಂಬ ಉದ್ದೇಶದಿಂದ. ಯಶ್ವಂತ್ ಅದನ್ನು ತಿದ್ದಲಿಲ್ಲ.

ಬಂಧನ ಪತ್ರ ತುಂಬುತ್ತಿದ್ದ ಭವ್ಯಶ್ರೀ ಕೇಳಿದಳು, "ವಿಷಯ ಯಾರಿಗೆ ತಿಳಿಸಬೇಕು ಪೊರ್ಬುಗಳೇ? ನಿಮ್ಮ ಕಡೆಯವರು ಯಾರು?"

ಅವರು ಯೋಚಿಸಿ ಒಂದು ಫೋನ್ ನಂಬರ್ ಹೇಳಿದರು. ನೋಡದೆ, ತಪ್ಪದೆ.

"ಇದು ದೂರುದಾರರದ್ದು. ಬೇರೆ ಯಾರಾದರೂ?"

ಅವರು ಅಂಗಿಯ ಗುಂಡಿ ನೋಡಿಕೊಂಡರು.

ಪತ್ರದಲ್ಲಿ ಆ ಜಾಗ ಖಾಲಿ ಬಿಡುವಂತಿಲ್ಲ. ಭವ್ಯಶ್ರೀ ಯಶ್ವಂತರತ್ತ ನೋಡಿದಳು. ಅವರು ತಲೆಯಾಡಿಸಿದರು. ಅವಳು ಹೊರಗೆ ಬಂದು ಫೋನ್ ಮಾಡಿದಳು. ಆಚೆ ಬಸ್ಸಿನ ಸದ್ದಿತ್ತು.

"ಸ್ಟ್ಯಾನಿಸ್ಲಾಸರನ್ನು ಬಂಧಿಸಿದ್ದೇವೆ. ಅವರ ಕಡೆಯವರಿಗೆ ತಿಳಿಸಬೇಕೆಂದು ಕಾನೂನು. ಅವರು ನಿಮ್ಮ ಹೆಸರು ಕೊಟ್ಟಿದ್ದಾರೆ."

ಬಸ್ಸು ಎಲ್ಲೋ ನಿಂತಿತು, ಮತ್ತೆ ಹೊರಟಿತು.

"ಹ್ಞೂಂ," ಎಂದಳು ಧೃತಿ. "ತಿಳಿಸಿದ್ದೇವೆ ಅಂತ ಬರ್ಕೊಳ್ಳಿ."