ಹಸಿರು ದೀಪ ಆರುವವರೆಗೆ

‘ಈ ಯಂತ್ರ ಸರಿಹೋಗದೆ ಇದ್ದರೇ ಚೆನ್ನಾಗಿತ್ತು’ ಎಂದು ಶಾಲ್ಮಲಾ ಮನಸ್ಸಿನಲ್ಲೇ ಅಂದುಕೊಂಡಳು. ಅಂದುಕೊಂಡ ಕೂಡಲೇ, ಯಾರಿಗಾದರೂ ಕೇಳಿಸಿತೇನೋ ಎಂಬಂತೆ ಸುತ್ತ ನೋಡಿದಳು. ಆ ಯಂತ್ರವನ್ನು ಸರಿಮಾಡುವುದಕ್ಕೆಂದೇ ಭಾಷಾಯಂತ್ರ ಸಂಶೋಧನಾಲಯ ಅವಳಿಗೆ ಸಂಬಳ ಕೊಡುತ್ತಿತ್ತು.

ಯಂತ್ರ ಅವಳೆದುರಿಗೇ, ಖಾನಾವಳಿಯ ಮೇಜಿನ ಮೇಲೆ ಕೆಲಸ ಮಾಡುತ್ತಿತ್ತು. ಚಟ್ನಿ ಬಟ್ಟಲಿನಷ್ಟು ಗಾತ್ರ, ನೆತ್ತಿಯ ಮೇಲೊಂದು ಹಸಿರು ದೀಪ, ಹೆಸರು ವಾಕ್ಯಸೇತು. ಹಳಿ ಮುಟ್ಟದೆ ಓಡುವ ತೇಲುರೈಲಿನ ಹುಬ್ಬಳ್ಳಿ ಕಾರ್ಖಾನೆಗೆ ಬಂದಿದ್ದ ಐರಿಷ್ ಎಂಜಿನಿಯರ್ ಕಾನರ್ ಡೂಲನ್ ಅದರತ್ತ ಬಾಗಿ ಇಂಗ್ಲಿಷಿನಲ್ಲಿ ಏನೋ ಉದ್ದವಾಗಿ ಹೇಳುತ್ತಿದ್ದ. ಅವನು ಹೇಳುವಷ್ಟು ಹೊತ್ತೂ ದೀಪ ಉರಿಯಿತು. ಅವನು ನಿಲ್ಲಿಸಿದ ಮೇಲೆ ದೀಪ ಆರಿ, ಯಂತ್ರ ಕನ್ನಡದಲ್ಲಿ ನುಡಿಯಿತು: “ನಿಮಗೆ ತೊಂದರೆ ಇಲ್ಲವಾದರೆ, ಆ ಮೂಲೆಯ ಬುಟ್ಟಿಯಿಂದ, ರಂಜಕ ಹಚ್ಚದ ಇನ್ನೊಂದು ರೊಟ್ಟಿ ಬೇಕು.”

“ಅಯ್ಯ, ಇಷ್ಟ ಹೌದಲ್ಲೋ!” ಎಂದರು ಗಂಗತ್ತಿ. ಅವರು ಆ ಖಾನಾವಳಿಯ ಒಡತಿ, ಶಾಲ್ಮಲಾಳ ಸೋದರತ್ತೆ. “ಈ ಯಂತ್ರ ಬರೂಕಿಂತ ಮೊದಲ ಅಂವ ರೊಟ್ಟಿ ಅನ್ನೂದ ತಡ, ಖಾರದ ರಂಜಕ ಮೆತ್ತಿ ಹಾಕಿಬಿಡ್ತಿದ್ದೆ. ಕಣ್ಣಾಗ ನೀರು ತಂದ್ಕೊಂಡು ತಿಂತಿತ್ತು ಕೂಸು. ನಾ, ಪಾಪ, ಅವ್ವನ ನೆನಪಾಗಿರಬೇಕು ಅಂತಿದ್ದೆ.”

ಎದುರು ಕುಳಿತಿದ್ದ ಡಾಕ್ಟರ್ ವನಮಾಲಾ ಗುತ್ತಲ ಜೋರಾಗಿ ನಕ್ಕರು. ಯಂತ್ರವನ್ನು ಕಂಡುಹಿಡಿದವರು ಅವರೇ.

“ತಪ್ಪು ನಿಮ್ದಲ್ರಿ ಗಂಗಕ್ಕ. ಇಂಗ್ಲಿಷಿನ ಸ್ವಭಾವನ ಹಂಗ. ಅದರ ವಾಕ್ಯ ರೈಲು ಇದ್ದಂಗ, ಇಂಜಿನ್ನು ಮುಂದಿರ್ತದ. ಏನು ಬೇಕು ಅನ್ನೂದು ಮೊದಲು ಬಂದುಬಿಡ್ತದ. ಯಾವಾಗ, ಯಾಕ, ಆದರೂ, ಆದರ ಅನ್ನೂ ಅಧೀನ ವಾಕ್ಯಗಳು ಹಿಂದ ಡಬ್ಬಿ ಹಂಗ ಬರ್ತಾವ. ಎಲ್ಲಿಂದ, ಯಾವುದರ ಮ್ಯಾಲೆ, ಯಾವುದು ಇಲ್ಲದ ಅನ್ನೂ ಸಣ್ಣ ಸಣ್ಣ ಪದಗುಚ್ಛ ಆ ಡಬ್ಬಿಗೆ ಜೋತುಬಿದ್ದಿರ್ತಾವ. ಯಾವುದು ಯಾವ ಡಬ್ಬಿಗೆ ಜೋತುಬಿದ್ದದ ಅನ್ನೂದು ಗೊತ್ತಾಗಾಕ ರೈಲು ಪೂರಾ ಹಾದುಹೋಗಬೇಕು.”

“ಮತ್ತ ನಮ್ಮ ಕನ್ನಡಾ?” ಎಂದರು ಗಂಗತ್ತಿ.

“ನಮ್ಮದರಾಗ ಡಬ್ಬಿ ಎಲ್ಲಾ ಮುಂದ, ಇಂಜಿನ್ನು ಕಟ್ಟಕಡೀಗೆ. ಬೇಕೋ ಬ್ಯಾಡೋ, ಬಂದ್ನೋ ಇಲ್ಲೋ, ಕೊನೀ ಶಬ್ದದ ತನಕ ಗೊತ್ತಾಗಂಗಿಲ್ಲ. ಹಿಂಗಾಗಿ ಎರಡೂ ಕಡೆ ಯಂತ್ರಕ್ಕ ಕಾಯೂದ ಕೆಲಸ. ನಡಕ ಯಾರರೆ ಬಾಯಿ ಹಾಕಿದ್ರ, ‘ಮೊದಲಿಂದ ಹೇಳಿ’ ಅಂತದ. ಪ್ಯಾಟ್ಯಾಗ ಇದನ್ನ ಯಾರು ಕೊಂಡಾರ್ರೀ?”

ಡಾ. ಗುತ್ತಲ ಅವರಿಗೆ ಆ ಕಾಯುವಿಕೆ ಯಂತ್ರದ ದೊಡ್ಡ ಕೊರತೆಯಾಗಿ ಕಾಣುತ್ತಿತ್ತು. ಅದನ್ನು ನೀಗಿಸಲು ಅವರು ಮುಂಗಾಣ್ಕೆ ಘಟಕ ಎಂಬ ಹೊಸ ಭಾಗವನ್ನು ರೂಪಿಸಿದ್ದರು. ಮಾತಿನ ಮೊದಲ ಕೆಲವು ಪದಗಳಿಂದಲೇ ವಾಕ್ಯ ಎಲ್ಲಿ ಮುಗಿಯುತ್ತದೆಂದು ಅದು ಊಹಿಸುತ್ತಿತ್ತು. ಇಂಗ್ಲಿಷ್, ಕನ್ನಡ ಎರಡರ ವಾಕ್ಯಗಳನ್ನೂ ಬಿಡಿಸಿ ಅದಕ್ಕೆ ಕಲಿಸಿದವಳು ಶಾಲ್ಮಲಾ. ಇಂದು ಮಧ್ಯಾಹ್ನ ಇಲ್ಲೇ ನಡೆಯುವ ಪರೀಕ್ಷೆ ಗೆದ್ದರೆ ತಯಾರಾಗುವ ಎಲ್ಲ ಯಂತ್ರಗಳಿಗೂ ಆ ಘಟಕ ಸೇರಲಿತ್ತು. ಕಾಯುವ ಯಂತ್ರ ಮತ್ತೆ ಇರುವುದಿಲ್ಲ.

ಆದರೆ ಕಾಯುವ ಯಂತ್ರ ಖಾನಾವಳಿಗೆ ಬಂದ ಮೇಲೆ ಅಲ್ಲಿ ಯಾರೂ ಎಣಿಸದ ಒಂದು ಸಂಗತಿ ನಡೆದಿತ್ತು. ಕಾನರ್ ಎದ್ದುಹೋದ ಮೇಲೆ ಇಂಗ್ಲಿಷಿನ ಗಂಧವೂ ಇಲ್ಲದ ಜನ ಆ ಮೇಜಿಗೆ ಬಂದು ಕೂರತೊಡಗಿದ್ದರು. ಜಗಳವಾಡಿದ ಅಣ್ಣತಮ್ಮಂದಿರು, ಅತ್ತೆ ಸೊಸೆಯರು, ರೈಲ್ವೆಯ ನಿವೃತ್ತ ಗಾರ್ಡ್ ಫಕ್ಕೀರಪ್ಪ ಮತ್ತು ಅವರ ಹೆಂಡತಿ ನೀಲವ್ವ. ಒಬ್ಬರು ಕನ್ನಡದಲ್ಲಿ ಮಾತಾಡುತ್ತಿದ್ದರು, ಇನ್ನೊಬ್ಬರು ದೀಪ ಆರುವವರೆಗೆ ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಬಳಿಕ ಯಂತ್ರ ಶ್ರದ್ಧೆಯಿಂದ ಇಂಗ್ಲಿಷಿನಲ್ಲಿ ಹೇಳುತ್ತಿದ್ದುದನ್ನು ಕೇಳುವವರು ಯಾರೂ ಇರಲಿಲ್ಲ.

“ಇಂಗ್ಲೀಷು ಯಾರಿಗೆ ಬೇಕವಾ?” ಎಂದು ಫಕ್ಕೀರಪ್ಪ ಒಮ್ಮೆ ಶಾಲ್ಮಲಾಳಿಗೆ ಹೇಳಿದ್ದರು. “ಮದಿವಿ ಆದಾಗಿಂದ ಈಕಿ ಮುಂದ ನನ್ನ ಒಂದು ಮಾತು ಊರು ಮುಟ್ಟಿರಲಿಲ್ಲ. ಎಲ್ಲಾ ನಡಕಿನ ಸ್ಟೇಷನ್‌ದಾಗ ನಿಲ್ತಿದ್ವು.”

ಶಾಲ್ಮಲಾಳ ಮಾತುಗಳಂತೂ ಸ್ಟೇಷನ್ ಬಿಟ್ಟು ಹೊರಡುತ್ತಲೇ ಇರಲಿಲ್ಲ. ಅವಳ ಪೂರ್ತಿ ವಾಕ್ಯಗಳೆಲ್ಲ ದಿನಚರಿಯಲ್ಲಿದ್ದವು. ಬಾಯಿ ತೆರೆದರೆ ಮೊದಲು ‘ಅಂದ್ರ’, ಆಮೇಲೆ ‘ಏನಂದ್ರ’, ಅಷ್ಟರಲ್ಲಿ ಗಂಗತ್ತಿ ಪ್ರೀತಿಯಿಂದ ಉಳಿದುದನ್ನು ಮುಗಿಸಿಬಿಡುತ್ತಿದ್ದರು. ಅವಳಿಗೆ ಯಾವ ಬಣ್ಣದ ಸೀರೆ ಸೇರುತ್ತದೆ, ಅವಳಿಗೆ ಹಸಿವಾಗಿದೆಯೋ ಇಲ್ಲವೋ, ಎಲ್ಲವನ್ನೂ ಅತ್ತೆಯೇ ಹೇಳುತ್ತಿದ್ದರು. ಬಹಳಷ್ಟು ಸಲ ಅದು ತಪ್ಪಾಗಿರುತ್ತಿತ್ತು. ಆದರೆ ಯಂತ್ರದ ಪರೀಕ್ಷೆಯ ನೆಪದಲ್ಲಿ ಅವಳು ಹಸಿರು ದೀಪದ ಮುಂದೆ ಕುಳಿತ ದಿನ, ಅದೇ ಅತ್ತೆ ಸೆರಗಿನ ತುದಿ ಕಚ್ಚಿಕೊಂಡು ಕೊನೆಯ ಶಬ್ದದವರೆಗೆ ಕಾದಿದ್ದರು. ಆಮೇಲೆ, “ಅಯ್ಯ, ನಿನಗ ಬದನೀಕಾಯಿ ಸೇರೂದಿಲ್ಲೇನ!” ಎಂದು ಬೆರಗಾಗಿದ್ದರು.

ಇವತ್ತು ಆ ಕಾಯುವಿಕೆ ಮುಗಿಯಲಿತ್ತು. ಡಾ. ಗುತ್ತಲ ಚಿಕ್ಕ ತಿರುಪುಳಿಯಿಂದ ಯಂತ್ರದ ಬೆನ್ನು ತೆರೆದು, ಹುಣಸೆಬೀಜದಷ್ಟು ಚಿಕ್ಕ ಘಟಕವನ್ನು ಒಳಗಿಟ್ಟರು.

ಕಾನರ್ ಬಾಯಿ ತೆರೆದು ಎರಡು ಪದ ಆಡುವಷ್ಟರಲ್ಲಿ ದೀಪ ಆರಿತು. “ನನಗೆ ಸ್ವಲ್ಪ ಮಜ್ಜಿಗೆ ಕೊಡಿ” ಎಂದಿತು ಯಂತ್ರ. ಅವನು ಮೇಜು ಬಡಿದು ನಕ್ಕ, ಅವನಿಗೆ ಬೇಕಾಗಿದ್ದುದೂ ಅದೇ. ಖಾನಾವಳಿಯೇ ಚಪ್ಪಾಳೆ ತಟ್ಟಿತು. ಗಂಗತ್ತಿ ಮಜ್ಜಿಗೆ ತುಂಬಿದ ತಂಬಿಗೆ ಹಿಡಿದು ಓಡಿಬಂದರು. ಡಾ. ಗುತ್ತಲ ಅವರ ಮುಖ ಹಬ್ಬದ ಮನೆಯಂತಾಗಿತ್ತು. ಅದನ್ನು ನೋಡಿ ಶಾಲ್ಮಲಾಳಿಗೂ ಸಂತೋಷವಾಯಿತು, ಆದರೂ ಅವಳ ಕಣ್ಣು ಆರಿದ ದೀಪದ ಮೇಲೆಯೇ ಇತ್ತು.

ಮುಂದಿನ ಸರದಿ ಫಕ್ಕೀರಪ್ಪನವರದು. ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡರು. “ನೀಲವ್ವಾ, ನಮ್ಮ ಮದಿವ್ಯಾಗ ಅಕ್ಕಿಕಾಳು ಹಾಕೂ ಹೊತ್ತಿನ್ಯಾಗ, ಅಷ್ಟು ಮಂದಿ ಸುತ್ತ ನಿಂತಿದ್ರೂ, ನಿನ್ನ ಮುಖಾ ನೋಡಿದಾಗ ನನಗ...”

ದೀಪ ಆರಿತು. ಯಂತ್ರ ಉಳಿದುದನ್ನು ತಾನೇ ಊಹಿಸಿ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿತು. ದೀಪ ಆರಿದ್ದನ್ನು ಕಂಡ ನೀಲವ್ವ ತಮ್ಮ ಸರದಿ ಬಂತೆಂದು ಶುರುಮಾಡಿಬಿಟ್ಟರು. “ಮಂದಿ ಅಂದ್ಕೂಡ್ಲೆ ನೆನಪಾತು ನೋಡ್ರಿ. ಅವತ್ತು ಉಂಡಿ ಸಾಲಲಿಲ್ಲಂತ ನಿಮ್ಮ ತಂಗಿ ನಮ್ಮ ಅವ್ವಗ ಎಷ್ಟು ಮಾತಾಡಿದ್ಳು!”

ಎಲ್ಲರೂ ನಕ್ಕರು. ಫಕ್ಕೀರಪ್ಪನವರೂ ನಗಲು ನೋಡಿದರು. ಆದರೆ ಅವರ ಬಾಯಿ ‘ನನಗ’ ಎಂಬಲ್ಲೇ ಸ್ವಲ್ಪ ತೆರೆದು ನಿಂತಿತ್ತು. ಆ ತೆರೆದ ಬಾಯಿಯ ಗುರುತು ಶಾಲ್ಮಲಾಳಿಗೆ ಚೆನ್ನಾಗಿ ಇತ್ತು. ಇಷ್ಟು ವರ್ಷ ಅದು ಅವಳದೇ ಬಾಯಿಯಾಗಿತ್ತು.

ಅವಳು ಎದ್ದು ನಿಂತಳು. “ಮೇಡಂ, ಈ ಹೊಸ ಘಟಕದ ಬಗ್ಗೆ ನನಗ, ಅಂದ್ರ...”

ದೀಪ ಆರಿತು. ಯಂತ್ರ ಇಂಗ್ಲಿಷಿನಲ್ಲಿ ಸಂಭ್ರಮದಿಂದ ಅವಳ ಮಾತನ್ನು ಮುಗಿಸಿತು. ಕಾನರ್ ಥಟ್ಟನೆ ಎದ್ದು ಅವಳ ಕೈ ಕುಲುಕಿದ. ಅದನ್ನು ಕೇಳಿದ ಡಾ. ಗುತ್ತಲ ಕೈಮುಗಿದರು. “ತುಂಬಾ ಹೆಮ್ಮಿ ಅನಸ್ತದ ಅಂದ್ಯಲ್ಲ, ನನಗೂ ಹಂಗ ಅನಸ್ತದ ಶಾಲ್ಮಲಾ.”

“ಮತ್ತ? ಅಕಿ ಹೇಳೂದು ಏನಂದ್ರ, ಮೇಡಂಗ ಒಂದು ಸನ್ಮಾನ...” ಎಂದು ಗಂಗತ್ತಿ ಶುರುಮಾಡಿದರು.

ಈಗ ಅವಳ ಮಾತನ್ನು ಮುಗಿಸಲು ಇಬ್ಬರಾದರು, ಅತ್ತೆ ಮತ್ತು ಯಂತ್ರ. ಶಾಲ್ಮಲಾಳಿಗೆ ಅಳು ಬರಬೇಕಿತ್ತು, ನಗು ಬಂತು. ಮೂಲೆಯಲ್ಲಿದ್ದ ರೊಟ್ಟಿಬುಟ್ಟಿಯನ್ನು ತಂದು, ರೊಟ್ಟಿಗಳನ್ನು ಕಾನರನ ತಟ್ಟೆಗೆ ಸುರಿದು, ಖಾಲಿ ಬುಟ್ಟಿಯನ್ನು ಯಂತ್ರದ ಮೇಲೆ ಕವುಚಿ ಹಾಕಿದಳು.

ಗಂಗತ್ತಿ ಬುಟ್ಟಿಯನ್ನು ನೋಡಿದರು, ಶಾಲ್ಮಲಾಳ ಮುಖವನ್ನು ನೋಡಿದರು. ಹಸಿರು ದೀಪ ಎಲ್ಲಿಯೂ ಕಾಣುತ್ತಿರಲಿಲ್ಲ. ಆದರೂ ಅವರ ಸೆರಗಿನ ತುದಿ ತಾನಾಗಿಯೇ ಬಾಯಿಗೆ ಹೋಯಿತು.

“ಮೇಡಂ,” ಎಂದಳು ಶಾಲ್ಮಲಾ, “ನೀವು ಇಷ್ಟು ಕಷ್ಟಪಟ್ಟು ಮಾಡಿದ್ದರ ಮುಂದ ನಿಂತು ಮಾತಾಡಾಕ ನನಗ ಹೆದರಿಕಿ ಆದ್ರೂ...”

ಡಾ. ಗುತ್ತಲ ಕನ್ನಡಕ ತೆಗೆದರು.

“ಮತ್ತ, ಅದಕ್ಕ ಎಲ್ಲಾ ಕಲಿಸಿದಾಕಿ ನಾನ ಆದ್ರೂ, ಇಲ್ಲಿ ಮಂದಿ ಬರೂದು ಇಂಗ್ಲೀಷಿಗೆ ಅಲ್ಲ, ಒಬ್ಬರ ಮಾತು ಇನ್ನೊಬ್ಬರು ಪೂರಾ ಕೇಳಲಿ ಅಂತನ ಬರ್ತಾರಂತ ನನಗ ಗೊತ್ತಿರೂದಕ್ಕ, ನನ್ನ ಮಾತೂ ಈ ಮೇಜಿನ ಮ್ಯಾಲೆ ಮೊದಲನೇ ಸಲ ಊರು ಮುಟ್ಟಿದ್ದಕ್ಕ...”

ಫಕ್ಕೀರಪ್ಪ ತಲೆಯಾಡಿಸಿದರು. ನೀಲವ್ವ ಗಂಡನತ್ತ ತಿರುಗಿ, ‘ನನಗ’ ಎಂದು ನಿಂತಿದ್ದ ಆ ಬಾಯಿಯನ್ನು ಆಗ ಮೊದಲ ಬಾರಿಗೆ ಗಮನಿಸಿದರು. ಡಾ. ಗುತ್ತಲ ಅವರಿಗೆ ಕೊನೆಯ ಶಬ್ದಗಳು ಏನೆಂದು ಆಗಲೇ ಹೊಳೆದುಬಿಟ್ಟಿತ್ತು. ಅವರ ಬೆರಳು ತಿರುಪುಳಿಯ ಮೇಲೆ ಬಂದು ಕೂತಿತ್ತು, ತುಟಿಯ ಮೇಲೆ ನಗುವಿತ್ತು. ಆದರೂ ಅವರು ಆ ಶಬ್ದಗಳನ್ನು ತಾವಾಗಿ ಹೇಳಲಿಲ್ಲ. ಎಲ್ಲರ ಜೊತೆ ಕಾದರು.

ಶಾಲ್ಮಲಾ ಉಸಿರು ತೆಗೆದುಕೊಂಡಳು. ಯಾರೂ ನಡುವೆ ಬರಲಿಲ್ಲ.

“...ಆ ಕಾಯೂದು ನನಗ ಬೇಕ್ರಿ.”